ಮಳೆಯ ಲೆಕ್ಕ ಕಲಿಯಲು ಯಾವ ಡಿಗ್ರಿ ಸೇರಬೇಕು?

(ಪದವಿ ಕಾಲೇಜೊಂದರ ವಿಜ್ಞಾನ ಸಂಘದಲ್ಲಿ ಪಿಯುಸಿ ಮತ್ತು ಬಿಎಸ್ಸಿ ವಿದ್ಯಾರ್ಥಿಗಳು, ಅವರ ತಂದೆ-ತಾಯಂದಿರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2023ರ ಆಗಸ್ಟ್ ನಿಮಗೆಲ್ಲ ನೆನಪಿರಬೇಕು. ಜುಲೈ ಕೊನೆಯಲ್ಲಿ ಮಳೆ ಚೆನ್ನಾಗಿಯೇ ಹಿಡಿದಿತ್ತು. ಆಗಸ್ಟ್ ಬಂದದ್ದೇ ತಡ, ನಿಂತುಹೋಯಿತು. 1901ರಿಂದ ಇಟ್ಟಿರುವ ದೇಶದ ದಾಖಲೆಯಲ್ಲಿ ಅಷ್ಟು ಕಡಿಮೆ ಮಳೆ ಬಿದ್ದ ಆಗಸ್ಟ್ ಇನ್ನೊಂದಿಲ್ಲ. ನಮ್ಮ ರಾಜ್ಯದಲ್ಲಿ 200ಕ್ಕೂ ಜಾಸ್ತಿ ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು.

ಯಾಕೆ ಹೀಗಾಯಿತು? ಟಿವಿಯಲ್ಲಿ ಒಂದೇ ಮಾತಿನ ಉತ್ತರ ಬಂತು: ಎಲ್ ನಿನೋ. ಪೆಸಿಫಿಕ್ ಸಾಗರದ ಮಧ್ಯ ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾದರೆ ನಮ್ಮ ಮುಂಗಾರು ಸೊರಗುವ ಸಂಭವ ಜಾಸ್ತಿ. ಈ ಉತ್ತರ ತಪ್ಪೇನಲ್ಲ. ಆದರೆ 1997ರಲ್ಲಿ ಇದಕ್ಕಿಂತ ದೊಡ್ಡ ಎಲ್ ನಿನೋ ಬಂದಿತ್ತು. ಆ ವರ್ಷ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು, ಒಂದು ಚೂರು ಜಾಸ್ತಿಯೇ. 2002ರ ಎಲ್ ನಿನೋ ಅಷ್ಟೇನೂ ಜೋರಿನದಲ್ಲ. ಆ ವರ್ಷ ಜುಲೈ ಮಳೆ ಸುಮಾರು ಅರ್ಧಕ್ಕೆ ಇಳಿಯಿತು. ದೇಶದ ತುಂಬ ಬರ.

ಈ ಮೂರು ವರ್ಷಗಳನ್ನು ಪಕ್ಕಪಕ್ಕ ಇಟ್ಟುಕೊಂಡು ವಿವರಿಸಬಲ್ಲವರು ನಮಗೆ ಬೇಕು. ತುಂಬಾ ಜನ ಬೇಕು. ಅವರಲ್ಲಿ ಒಂದಿಷ್ಟು ಜನ ಇಲ್ಲಿ ಕೂತಿರುವ ನಿಮ್ಮೊಳಗಿಂದ ಬರಲಿ ಅನ್ನುವ ಆಸೆಯಿಂದ ಬಂದಿದ್ದೇನೆ.

ವಿದ್ಯಾರ್ಥಿಗಳು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಒಂದೇ. "ಸರ್, ಹವಾಮಾನ ಓದಬೇಕಂದ್ರೆ ಯಾವ ಡಿಗ್ರಿ ಸೇರಬೇಕು?" ಉತ್ತರವನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಡಿಗ್ರಿಯ ಹೆಸರಿನಲ್ಲಿ ಹವಾಮಾನ ಅಂತ ಇರಲೇಬೇಕಿಲ್ಲ. ಭೌತಶಾಸ್ತ್ರ, ಗಣಿತ ಇದ್ದರೆ ಸಾಕು. ಮೂರು ನಾಲ್ಕು ವರ್ಷ ಅವನ್ನು ಗಟ್ಟಿಯಾಗಿ ಓದಿ. ಓದುವಾಗ ನಿಮ್ಮೂರಿನ ಮಳೆ, ಗಾಳಿ, ಸಮುದ್ರದ ಬಗ್ಗೆ ಪ್ರಶ್ನೆ ಕೇಳುತ್ತಲೇ ಇರಿ. ಎರಡೂ ಒಟ್ಟಿಗೆ ನಡೆಯಬೇಕು. ಗಣಿತ ಬಂದು ಪ್ರಶ್ನೆ ಇಲ್ಲದಿದ್ದರೆ ಪರೀಕ್ಷೆ ಪಾಸಾಗುತ್ತೀರಿ, ಅಷ್ಟೇ. ಪ್ರಶ್ನೆ ಇದ್ದು ಗಣಿತ ಇಲ್ಲದಿದ್ದರೆ ಉತ್ತರದ ಹತ್ತಿರಕ್ಕೂ ಹೋಗಲು ಆಗುವುದಿಲ್ಲ.

ಯಾಕೆ ಹೀಗೆ ಹೇಳುತ್ತೇನೆ ಅನ್ನುವುದಕ್ಕೆ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮುಂಗಾರು ಯಾಕೆ ಬರುತ್ತದೆ?

ಹೈಸ್ಕೂಲಿನಲ್ಲಿ ನಾವೆಲ್ಲ ಬರೆದ ಉತ್ತರ ಗೊತ್ತಲ್ವಾ? ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ಕಾದ ನೆಲದ ಮೇಲೆ ಒತ್ತಡ ಕಡಿಮೆಯಾಗುತ್ತದೆ. ಸಮುದ್ರದ ತೇವದ ಗಾಳಿ ಅಲ್ಲಿಗೆ ನುಗ್ಗುತ್ತದೆ. ಎಡ್ಮಂಡ್ ಹ್ಯಾಲಿ 1686ರಲ್ಲಿ ಹೇಳಿದ ಮಾತಿನ ಸಾರ ಹೆಚ್ಚುಕಡಿಮೆ ಇದೇ. ಧೂಮಕೇತುವಿಗೆ ಹೆಸರು ಕೊಟ್ಟ ಅದೇ ಹ್ಯಾಲಿ.

ಈಗ ಒಂದು ಕ್ಷಣ ಯೋಚಿಸಿ. ನಮ್ಮಲ್ಲಿ ನೆಲ ಅತಿ ಜಾಸ್ತಿ ಕಾಯುವುದು ಯಾವಾಗ? ಏಪ್ರಿಲ್, ಮೇ. ಮಳೆ ಅತಿ ಜಾಸ್ತಿ ಯಾವಾಗ? ಜುಲೈ, ಆಗಸ್ಟ್. ಜುಲೈನಲ್ಲಿ ನೆಲ ತಣ್ಣಗಾಗಿರುತ್ತದೆ, ಆದರೂ ಮಳೆ ಸುರಿಯುತ್ತಲೇ ಇರುತ್ತದೆ. ಇನ್ನೊಂದು. ಮಳೆ ಕೈಕೊಟ್ಟ ವರ್ಷ ನೆಲ ಬಿಸಿಯಾಗಿರುತ್ತದೋ ತಣ್ಣಗಿರುತ್ತದೋ? ಬಿಸಿಯಾಗಿರುತ್ತದೆ. ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾದ ನೆಲವೇ ಮಳೆಯನ್ನು ಎಳೆಯುತ್ತದೆ ಅನ್ನುವುದಾದರೆ ಬರದ ವರ್ಷವೇ ಮಳೆ ಜಾಸ್ತಿ ಬರಬೇಕಿತ್ತು.

ಈ ಪ್ರಶ್ನೆಯನ್ನು ಬಿಡದೆ ಹಿಡಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮುಖ್ಯರು. ಪುಣೆಯ ಡಿ. ಆರ್. ಸಿಕ್ಕಾ ಅವರ ಜೊತೆ ಸೇರಿ ಅವರು ಕೆಲವು ವರ್ಷಗಳ ಉಪಗ್ರಹ ಚಿತ್ರಗಳನ್ನು ದಿನದಿನವೂ ನೋಡಿದರು. ಮೋಡದ ಪಟ್ಟಿ ಎಲ್ಲಿದೆ ಅಂತ ಗುರುತು ಹಾಕುತ್ತಾ ಹೋದರು. ಭೂಮಧ್ಯರೇಖೆಯ ಹತ್ತಿರ ಪೂರ್ವ-ಪಶ್ಚಿಮಕ್ಕೆ ಉದ್ದಕ್ಕೂ ಚಾಚಿಕೊಳ್ಳುವ ಮೋಡದ ಪಟ್ಟಿಯೊಂದಿದೆ. ಬೇಸಿಗೆ ಕಳೆಯುತ್ತಿದ್ದಂತೆ ಅದು ಸಮುದ್ರ ಬಿಟ್ಟು ಉತ್ತರಕ್ಕೆ ಏರಿ ನಮ್ಮ ನೆಲದ ಮೇಲೆ ಬಂದು ನಿಲ್ಲುತ್ತದೆ. ಮಳೆಗಾಲದ ನಡುವೆ ಸಮುದ್ರದ ಮೇಲೆ ಹೊಸ ಪಟ್ಟಿ ಹುಟ್ಟಿ ಮತ್ತೆ ಉತ್ತರಕ್ಕೆ ಸರಿಯುತ್ತದೆ. ಒಂದು ಪಟ್ಟಿ ಕರಗಿ ಇನ್ನೊಂದು ಬರುವುದು ತಡವಾದರೆ ನಮಗೆ ಮಳೆ ಬಿಡುವು. ಆ ಕೆಲಸ 1980ರಲ್ಲಿ ಪ್ರಕಟವಾಯಿತು. ಮುಂಗಾರು ಅಂದರೆ ದೊಡ್ಡ ಅಳತೆಯ ಕಡಲಗಾಳಿ ಅಷ್ಟೇ ಅನ್ನುವ ಚಿತ್ರ ಅಲ್ಲಿಂದ ಬದಲಾಗುತ್ತಾ ಬಂತು.

ಸುಲೋಚನಾ ಅವರು ಏನು ಓದಿದ್ದರು ಗೊತ್ತಾ? ಅವರ ಪಿಎಚ್‌ಡಿ ಅನ್ವಯಿಕ ಗಣಿತದಲ್ಲಿ, 1970ರಲ್ಲಿ, ಹಾರ್ವರ್ಡ್‌ನಲ್ಲಿ. ಮುಂಗಾರಿನ ಹತ್ತಿರ ಅವರು ಬಂದದ್ದು ಗಣಿತದ ಬಾಗಿಲಿನಿಂದ.

ಅವರಿಗಿಂತ ಹಿಂದೆ ಬಂದ ಗಿಲ್ಬರ್ಟ್ ವಾಕರ್ ಕಥೆಯೂ ಹೀಗೇ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದವರು ಅವರು. ಕೇಂಬ್ರಿಡ್ಜಿನ ಗಣಿತಜ್ಞ. ಇಲಾಖೆಗೆ ಬರುವ ಮುಂಚೆ ಹವಾಮಾನದಲ್ಲಿ ಕೆಲಸ ಮಾಡಿದವರಲ್ಲ. 1870ರ ದಶಕದ ಕೊನೆಯ ಮಹಾ ಬರಗಾಲ ಇನ್ನೂ ಜನರ ನೆನಪಿನಲ್ಲಿತ್ತು. ನಮ್ಮ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತ ಬರ ಅದು. ಮುಂದಿನ ಮಳೆಗಾಲ ಹೇಗಿರುತ್ತದೆ ಅಂತ ಮೊದಲೇ ಹೇಳಲು ಆಗುತ್ತದಾ? ವಾಕರ್ ಜಗತ್ತಿನ ಬೇರೆಬೇರೆ ಊರುಗಳ ಒತ್ತಡ, ಉಷ್ಣತೆ, ಮಳೆಯ ಅಂಕಿಗಳನ್ನು ತರಿಸಿಕೊಂಡರು. ಕಂಪ್ಯೂಟರ್ ಇಲ್ಲದ ಕಾಲ. ಕಚೇರಿಯ ಗುಮಾಸ್ತರು ಕೈಯಲ್ಲೇ ಲೆಕ್ಕ ಹಾಕಿದರು. ಯಾವ ಊರಿನ ಅಂಕಿ ಯಾವುದರ ಜೊತೆ ಏರುತ್ತದೆ, ಯಾವುದು ಏರಿದಾಗ ಇನ್ನೊಂದು ಇಳಿಯುತ್ತದೆ ಅಂತ ನೋಡಿದರು. ಪೆಸಿಫಿಕ್ ಕಡೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅದು ಇಳಿದರೆ ಇದು ಏರುತ್ತದೆ ಅನ್ನುವುದು ಹೊರಬಿತ್ತು. ಅದಕ್ಕೆ ಅವರು ಸದರ್ನ್ ಆಸಿಲೇಷನ್ ಅಂತ ಹೆಸರಿಟ್ಟರು.

ಹೀಗೆ ಯಾಕಾಗುತ್ತದೆ ಅನ್ನುವುದಕ್ಕೆ ಮಾತ್ರ ಅವರ ಹತ್ತಿರ ಉತ್ತರ ಇರಲಿಲ್ಲ. ಅದು ಸಿಕ್ಕಿದ್ದು 1969ರಲ್ಲಿ, ಹವಾಮಾನ ವಿಜ್ಞಾನಿ ಜೇಕಬ್ ಬ್ಯರ್ಕ್ನೆಸ್ ಅವರಿಂದ. ಸಮುದ್ರದ ನೀರಿನ ಬಿಸಿ ಮತ್ತು ಮೇಲಿನ ಗಾಳಿ ಒಂದನ್ನೊಂದು ಎಳೆದಾಡುತ್ತವೆ, ಎಲ್ ನಿನೋ ಮತ್ತು ವಾಕರ್ ಕಂಡ ಏರಿಳಿತ ಒಂದೇ ಆಟದ ಎರಡು ಭಾಗ ಅಂತ ಅವರು ತೋರಿಸಿದರು. ಮೂವತ್ತು ವರ್ಷ ಆದಮೇಲೆ, 1999ರಲ್ಲಿ, ನಮ್ಮ ಹಿಂದೂ ಮಹಾಸಾಗರದಲ್ಲೇ ಇಂಥದ್ದೊಂದು ಏರಿಳಿತ ಇದೆ ಅಂತ ತಿಳಿಯಿತು. ಇಂಡಿಯನ್ ಓಷನ್ ಡೈಪೋಲ್ ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. ಅದನ್ನು ಗುರುತಿಸಿದ ನಾಲ್ವರಲ್ಲಿ ಮೂವರು ಭಾರತೀಯರು: ಸಾಜಿ, ಗೋಸ್ವಾಮಿ, ವಿನಯಚಂದ್ರನ್. ನಾಲ್ಕನೆಯವರು ಜಪಾನಿನ ಯಮಗಾತಾ. ಪಶ್ಚಿಮದ ನೀರು ಬಿಸಿಯಾಗಿ, ಇಂಡೋನೇಷ್ಯಾ ಕಡೆಯ ನೀರು ತಣ್ಣಗಾದರೆ ನಮ್ಮ ಮುಂಗಾರಿಗೆ ಸಾಮಾನ್ಯವಾಗಿ ಒಳ್ಳೆಯದು. 1997ರಲ್ಲಿ ಹಾಗೇ ಆಗಿತ್ತು. ಆ ವರ್ಷ ಎಲ್ ನಿನೋ ಇದ್ದೂ ನಾವು ಬಚಾವಾದದ್ದಕ್ಕೆ ಇದೊಂದು ಕಾರಣ ಅಂತ ವಿಜ್ಞಾನಿಗಳು ಹೇಳುತ್ತಾರೆ. ಪೂರ್ತಿ ಕಥೆ ಇನ್ನೂ ಮುಗಿದಿಲ್ಲ. ಅದಕ್ಕೇ ನಿಮ್ಮನ್ನು ಕರೆಯುತ್ತಿರುವುದು.

ಈಗ ಪಾಠಕ್ಕೆ ಬರೋಣ. ಬಿಎಸ್ಸಿ ಎರಡನೇ ವರ್ಷದಲ್ಲಿ ಉಷ್ಣಬಲ ವಿಜ್ಞಾನ, ಅಂದರೆ ಥರ್ಮೋಡೈನಮಿಕ್ಸ್, ಬರುತ್ತದೆ. ತುಂಬಾ ಜನ ಅದನ್ನು ಸುಮ್ನೆ ಬಾಯಿಪಾಠ ಮಾಡಿ ಮರೆಯುತ್ತಾರೆ. ನನಗೆ ಅದು ನಿಜವಾಗಿಯೂ ಬೇಜಾರಿನ ವಿಷಯ. ಯಾಕೆಂದರೆ ನಮ್ಮ ಆಗುಂಬೆ ಇರುವುದೇ ಆ ಪಾಠದೊಳಗೆ.

ಸೈಕಲ್ ಪಂಪ್ ಒತ್ತಿದರೆ ತುದಿ ಬಿಸಿಯಾಗುತ್ತದೆ ಅಲ್ವಾ? ಗಾಳಿಯನ್ನು ಅಮುಕಿದರೆ ಬಿಸಿ, ಹಿಗ್ಗಲು ಬಿಟ್ಟರೆ ತಂಪು. ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಹಿಗ್ಗುತ್ತದೆ, ತಣ್ಣಗಾಗುತ್ತದೆ. ಆವಿ ನೀರಾಗದೆ ಇರುವವರೆಗೆ ಪ್ರತಿ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಈ 10 ಎಲ್ಲಿಂದ ಬಂತು ಅಂತ ನೀವೇ ಎರಡು ಸಾಲಿನಲ್ಲಿ ತೆಗೆಯಬಹುದು. ಗುರುತ್ವವನ್ನು ಗಾಳಿಯ ವಿಶಿಷ್ಟ ಉಷ್ಣದಿಂದ ಭಾಗಿಸಿ, ಅಷ್ಟೇ. ಆವಿ ನೀರಾಗಲು ಶುರುವಾದ ಮೇಲೆ ಲೆಕ್ಕ ಬದಲಾಗುತ್ತದೆ. ಆವಿ ತನ್ನೊಳಗಿನ ಬಿಸಿಯನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಗಾಳಿ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಸುತ್ತಲಿನ ಗಾಳಿಗಿಂತ ಹಗುರವಾಗಿಯೇ ಉಳಿದು ಇನ್ನೂ ಮೇಲೇರುತ್ತದೆ. ಮೋಡ ಹತ್ತು ಹದಿನೈದು ಕಿಲೋಮೀಟರ್ ಎತ್ತರ ಬೆಳೆಯುವುದು ಹೀಗೆ. ಇದೆಲ್ಲ ಸೇರಿ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ. ಘಟ್ಟ ಇಳಿದು ಗಾಳಿ ಚಳ್ಳಕೆರೆ ಮುಟ್ಟುವಾಗ ಅಲ್ಲಿ ಸುಮಾರು 500.

ಆ ಬಿಸಿ ಎಷ್ಟಿರಬಹುದು? ಲೆಕ್ಕ ಹಾಕೋಣ. ಒಂದು ಎಕರೆ ಹೊಲದ ಮೇಲೆ 1 ಸೆಂಟಿಮೀಟರ್ ಮಳೆ ಬಿತ್ತು. ಸುಮಾರು 40,000 ಲೀಟರ್ ನೀರು. ಒಂದು ಕಿಲೋ ಆವಿ ನೀರಾದರೆ ಸುಮಾರು 25 ಲಕ್ಷ ಜೂಲ್ ಬಿಸಿ ಹೊರಬರುತ್ತದೆ. ಗುಣಿಸಿ, ಕರೆಂಟ್ ಬಿಲ್ಲಿನ ಯೂನಿಟ್ಟಿಗೆ ತನ್ನಿ. ಸುಮಾರು 28,000 ಯೂನಿಟ್. ಒಂದು ಎಕರೆ, ಒಂದು ಸೆಂಟಿಮೀಟರ್ ಮಳೆಗೆ ಇಷ್ಟು. ಇಡೀ ದೇಶದ ಮೇಲೆ ನಾಲ್ಕು ತಿಂಗಳಲ್ಲಿ ಸರಾಸರಿ 87 ಸೆಂಟಿಮೀಟರ್ ಬೀಳುತ್ತದೆ. ಅಷ್ಟೂ ಬಿಸಿ ಆಕಾಶದಲ್ಲಿ ಬಿಡುಗಡೆಯಾಗುತ್ತದೆ. ಮುಂಗಾರನ್ನು ಮುಂದಕ್ಕೆ ನಡೆಸುವ ಶಕ್ತಿಯಲ್ಲಿ ದೊಡ್ಡ ಪಾಲು ಮಳೆಯೇ ಕೊಟ್ಟದ್ದು.

ಇದನ್ನು ಕಣ್ಣಾರೆ ನೋಡಲೂಬಹುದು. ಮಂಗಳೂರು, ಬೆಂಗಳೂರುಗಳಲ್ಲಿ ಹವಾಮಾನ ಇಲಾಖೆಯವರು ಬಲೂನ್ ಹಾರಿಸುತ್ತಾರೆ. ಅದಕ್ಕೆ ಒಂದು ಪುಟ್ಟ ಡಬ್ಬಿ ಕಟ್ಟಿರುತ್ತದೆ. ಏರುತ್ತಾ ಏರುತ್ತಾ ಅದು ಒತ್ತಡ, ಉಷ್ಣತೆ, ತೇವ, ಗಾಳಿಯ ದಿಕ್ಕನ್ನು ಕೆಳಗೆ ಕಳಿಸುತ್ತದೆ. ಸುಮಾರು 30 ಕಿಲೋಮೀಟರ್ ಎತ್ತರದ ಹೊತ್ತಿಗೆ ಬಲೂನ್ ಹಿಗ್ಗಿ ಹಿಗ್ಗಿ ಒಡೆಯುತ್ತದೆ. ಬೆಳಿಗ್ಗೆ 5:30, ಸಂಜೆ 5:30ರ ಅಳತೆ ಇವು. ಇಡೀ ಜಗತ್ತಿನಲ್ಲಿ ಇದೇ ಎರಡು ಹೊತ್ತಿಗೆ ಹಾರಿಸುತ್ತಾರೆ. ಆ ಅಂಕಿಗಳು ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ದುಡ್ಡು ಕೊಡಬೇಕಿಲ್ಲ.

ಜುಲೈ ತಿಂಗಳ ಒಂದು ದಿನದ ಮಂಗಳೂರಿನ ಅಂಕಿಗಳನ್ನು ಇಳಿಸಿಕೊಳ್ಳಿ. ಕೆಳಗಿನಿಂದ ಓದುತ್ತಾ ಹೋಗಿ. ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದ ಗಾಳಿ, ಜೋರಾಗಿ. ಅದೇ ನಮಗೆ ನೀರು ಹೊತ್ತು ತರುವ ಗಾಳಿ. ಐದು ಕಿಲೋಮೀಟರ್ ಮೀರಿದ ಮೇಲೆ ಉಷ್ಣತೆ ಸೊನ್ನೆಗೆ ಇಳಿಯುತ್ತದೆ. ಇನ್ನೂ ಮೇಲೆ ಹೋದಂತೆ ಪಶ್ಚಿಮದ ಗಾಳಿ ಸೋಲುತ್ತದೆ, ನಿಲ್ಲುತ್ತದೆ, ತಿರುಗುತ್ತದೆ. ಹದಿನೈದು ಕಿಲೋಮೀಟರ್ ಹೊತ್ತಿಗೆ ಗಾಳಿ ಪೂರ್ವದಿಂದ, ಗಂಟೆಗೆ 100 ಕಿಲೋಮೀಟರ್ ಮೀರಿ. ಒಂದೇ ಊರಿನ ಮೇಲೆ, ಒಂದೇ ಹೊತ್ತಿನಲ್ಲಿ, ಎದುರುಬದುರು ಹರಿಯುವ ಎರಡು ಗಾಳಿ! ಕಾರಣ: ಮಳೆಗಾಲದಲ್ಲಿ ಭೂಮಧ್ಯರೇಖೆಯ ಮೇಲಿನ ಗಾಳಿಗಿಂತ ಉತ್ತರದಲ್ಲಿ, ಟಿಬೆಟ್ ಕಡೆಯ ಎತ್ತರದ ಗಾಳಿ ಬಿಸಿ. ಆ ಬಿಸಿಯಲ್ಲಿ ನಾವು ಈಗಷ್ಟೇ ಲೆಕ್ಕ ಹಾಕಿದ ಬಿಸಿಯೂ ಇದೆ. ಉಷ್ಣತೆಯ ಈ ವ್ಯತ್ಯಾಸ ಗೊತ್ತಿದ್ದರೆ ಗಾಳಿ ಎತ್ತರಕ್ಕೆ ಹೋದಂತೆ ಎಷ್ಟು ಬದಲಾಗಬೇಕು ಅಂತ ಕಾಗದದ ಮೇಲೆ ತೆಗೆಯಬಹುದು. ಅದಕ್ಕೆ ಬೇಕಾದದ್ದು ಭೂಮಿ ತಿರುಗುವುದರಿಂದ ಬರುವ ಕೊರಿಯೋಲಿಸ್ ಬಲ ಮತ್ತು ಪದವಿಯ ಕ್ಯಾಲ್ಕುಲಸ್. ಒಮ್ಮೆ ಈ ಲೆಕ್ಕ ಕೈಯಾರೆ ಮಾಡಿ, ಬಲೂನಿನ ಅಂಕಿಯ ಜೊತೆ ತಾಳೆ ನೋಡಿದವರು ಆ ಖುಷಿಯನ್ನು ಮರೆಯುವುದಿಲ್ಲ.

ಇದೇ ಉಷ್ಣಬಲ ವಿಜ್ಞಾನದಲ್ಲಿ ಇನ್ನೊಂದು ಅಂಕಿ ಇದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದುಕೊಳ್ಳಬಲ್ಲ ಆವಿ ಸುಮಾರು 7 ಶೇಕಡಾ ಜಾಸ್ತಿಯಾಗುತ್ತದೆ. ಭೂಮಿ ಬಿಸಿಯಾಗುತ್ತಿರುವಾಗ ಭಾರಿ ಮಳೆ ಇನ್ನೂ ಭಾರಿಯಾಗುವುದಕ್ಕೆ ಮೂಲ ಇದು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರುಮಾಡಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್. ಈಗ 420 ಮೀರಿದೆ. ಇದನ್ನು ಹವಾಗುಣದ ಲೆಕ್ಕಕ್ಕೆ ಮೊದಲು ಸರಿಯಾಗಿ ಕೂರಿಸಿದವರಲ್ಲಿ ಸ್ಯುಕುರೋ ಮನಾಬೆ ಒಬ್ಬರು. 2021ರಲ್ಲಿ ಅವರಿಗೆ ಸಿಕ್ಕ ನೊಬೆಲ್ ಭೌತಶಾಸ್ತ್ರದ ನೊಬೆಲ್. ತಂದೆ-ತಾಯಂದಿರು ಇದನ್ನು ಗಮನಿಸಬೇಕು. ಇದು ಪರಿಸರದ ಬಗ್ಗೆ ಭಾಷಣ ಮಾಡುವ ವಿಷಯ ಅಂತ ಅಂದುಕೊಂಡಿರುವವರು ಜಾಸ್ತಿ. ಇದು ಪಕ್ಕಾ ಭೌತಶಾಸ್ತ್ರ.

ಹಾಗಾದರೆ ಮುಂದಿನ ತಿಂಗಳ ಮಳೆಯನ್ನು ದಿನದಿನದ ಲೆಕ್ಕದಲ್ಲಿ ಯಾಕೆ ಹೇಳಲು ಬರುವುದಿಲ್ಲ? ಅಮೆರಿಕದ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆನ್ಸ್ ಕಂಪ್ಯೂಟರಿನಲ್ಲಿ ಒಂದು ಸಣ್ಣ ಹವಾಮಾನದ ಲೆಕ್ಕ ನಡೆಸುತ್ತಿದ್ದರು. ಮಧ್ಯದಿಂದ ಮತ್ತೆ ಶುರುಮಾಡಲು 0.506127 ಅನ್ನುವ ಬದಲು 0.506 ಅಂತ ಕೊಟ್ಟರು. ಸ್ವಲ್ಪ ಹೊತ್ತು ಎರಡೂ ಲೆಕ್ಕ ಜೊತೆಜೊತೆಗೇ ಹೋದವು. ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲ. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇವತ್ತಿನ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಸುಮಾರು ಎರಡು ವಾರದ ಆಚೆಯ ಹವಾಮಾನ ಕೈಗೆ ಸಿಗುವುದಿಲ್ಲ. ಆದರೆ ಇಡೀ ಮಳೆಗಾಲದ ಮೊತ್ತದ ಬಗ್ಗೆ ಒಂದಷ್ಟು ಹೇಳಬಹುದು. ಯಾಕೆಂದರೆ ಸಮುದ್ರ ನಿಧಾನವಾಗಿ ಬದಲಾಗುತ್ತದೆ.

ಸಮುದ್ರದ ಮಾತು ಬಂತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. 61 ದಿನ. ಆ ಹೊತ್ತಿನಲ್ಲಿ ನೀರಿನಲ್ಲಿ ಏನು ನಡೆಯುತ್ತದೆ? ಪಶ್ಚಿಮ ತೀರದ ಉದ್ದಕ್ಕೂ ಗಾಳಿ ಸ್ವಲ್ಪ ದಕ್ಷಿಣದ ಕಡೆ ವಾಲಿ ಬೀಸುತ್ತದೆ. ಭೂಮಿ ತಿರುಗುವುದರಿಂದ ಮೇಲ್ಪದರದ ನೀರು ಗಾಳಿಯ ದಿಕ್ಕಿಗೇ ಹೋಗದೆ ಅದರ ಬಲಕ್ಕೆ, ಅಂದರೆ ತೀರದಿಂದ ಆಚೆ ಸರಿಯುತ್ತದೆ. ಆ ಜಾಗ ತುಂಬಲು ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ಜಾಸ್ತಿ. ಬಿಸಿಲು ಸಿಕ್ಕ ಕೂಡಲೇ ಕಣ್ಣಿಗೆ ಕಾಣದ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಅವನ್ನು ತಿನ್ನಲು ಬೂತಾಯಿ ಬರುತ್ತದೆ, ಬಂಗುಡೆ ಬರುತ್ತದೆ. ಅದೇ ನೀರಿಗೆ ಇನ್ನೊಂದು ಮುಖವೂ ಇದೆ. ಕೆಳಗಿನಿಂದ ಬಂದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮಳೆಗಾಲದ ಕೊನೆಯಲ್ಲಿ ತೀರದ ತಳದ ನೀರು ಮೀನಿಗೆ ಉಸಿರುಗಟ್ಟುವಂತಾಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ನೀರಿನ ಬಿಸಿ, ಹಸಿರು ಬಣ್ಣ ನೋಡಿ ಮೀನು ಎಲ್ಲಿ ಸಿಗಬಹುದು ಅಂತ ದೋಣಿಯವರಿಗೆ ಕನ್ನಡದಲ್ಲೂ ತಿಳಿಸುತ್ತದೆ. ಇದರ ಹಿಂದಿರುವ ಸಮೀಕರಣ, ಮಂಗಳೂರಿನ ಮೇಲಿನ ಗಾಳಿ ತಿರುಗುವುದಕ್ಕೆ ಬಳಸಿದೆವಲ್ಲ, ಆ ಕುಟುಂಬದ್ದೇ. ಗಾಳಿಗೂ ನೀರಿಗೂ ಒಂದೇ ಗಣಿತ. ಅದಕ್ಕೇ ಹವಾಮಾನ, ಹವಾಗುಣ, ಸಾಗರ ಮೂರನ್ನೂ ಒಟ್ಟಿಗೆ ಓದುವುದು.

ಬಂಗಾಳ ಕೊಲ್ಲಿ ಇನ್ನೊಂದು ರೀತಿ. ಗಂಗೆ, ಬ್ರಹ್ಮಪುತ್ರ, ಗೋದಾವರಿ, ನಮ್ಮ ಕೃಷ್ಣೆ, ಕಾವೇರಿ ಎಲ್ಲ ಸೇರುವುದು ಅಲ್ಲಿಗೆ. ಮಳೆಯೂ ಜಾಸ್ತಿ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೆಳು ಪದರವಾಗಿ ನಿಲ್ಲುತ್ತದೆ. ಗಾಳಿ ಎಷ್ಟು ಕಲಕಿದರೂ ಕೆಳಗಿನ ತಣ್ಣೀರು ಸುಲಭಕ್ಕೆ ಮೇಲೆ ಬರುವುದಿಲ್ಲ. ಮೇಲ್ಮೈ ಬಿಸಿಯಾಗೇ ಇರುತ್ತದೆ. ಸಮುದ್ರದ ಬಿಸಿ 28 ಡಿಗ್ರಿ ಹತ್ತಿರ ಅಥವಾ ಅದರ ಮೇಲೆ ಇದ್ದರೆ ಮಾತ್ರ ದೊಡ್ಡ ಮೋಡ ಏಳುವ ಸಂಭವ ಜಾಸ್ತಿ ಅಂತ ಸುಲೋಚನಾ ಮತ್ತು ಅವರ ಜೊತೆಯವರು 1984ರಲ್ಲಿ ತೋರಿಸಿದ್ದರು. ಕೊಲ್ಲಿಯಲ್ಲಿ ಒಂದಾದಮೇಲೊಂದು ವಾಯುಭಾರ ಕುಸಿತ ಹುಟ್ಟುವುದರಲ್ಲಿ ಈ ಸಿಹಿನೀರಿನ ಪಾತ್ರ ಎಷ್ಟು? ಇದನ್ನು ಅಳೆಯಲೆಂದೇ 2016ರ ಮಳೆಗಾಲದಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆ ಮತ್ತು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು ಸಿಂಧು ಸಾಧನಾ ಹಡಗಿನಲ್ಲಿ ದಕ್ಷಿಣ ಕೊಲ್ಲಿಗೆ ಹೋಗಿದ್ದರು.

ಅಳತೆ ಅಂದಾಗ ಅಣ್ಣಾ ಮಣಿ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿದವರು. ಮದ್ರಾಸಿನಲ್ಲಿ ಭೌತಶಾಸ್ತ್ರ ಓದಿ, ಬೆಂಗಳೂರಿನಲ್ಲಿ ಸಿ. ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಮೇಲೆ ಕೆಲಸ ಮಾಡಿದರು. ಸ್ನಾತಕೋತ್ತರ ಪದವಿ ಇಲ್ಲ ಅನ್ನುವ ಕಾರಣಕ್ಕೆ ಅವರಿಗೆ ಪಿಎಚ್‌ಡಿ ಸಿಗಲಿಲ್ಲ. 1945ರಲ್ಲಿ ಇಂಗ್ಲೆಂಡಿಗೆ ಹೋಗಿ ಹವಾಮಾನದ ಉಪಕರಣಗಳನ್ನು ಕಲಿತರು. 1948ರಲ್ಲಿ ಹವಾಮಾನ ಇಲಾಖೆ ಸೇರಿದರು. ಆಗ ಸಣ್ಣಪುಟ್ಟ ಉಪಕರಣವೂ ಹೊರದೇಶದಿಂದ ಬರಬೇಕಿತ್ತು. ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಅವರು ಒಂದು ಅಳತೆಗೆ ತಂದು, ಇಲ್ಲೇ ತಯಾರಾಗುವಂತೆ ಮಾಡಿದರು. ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಅನ್ನುವುದು ಅವರ ನಂಬಿಕೆ. ನಿವೃತ್ತಿಯ ಮೇಲೆ ಬೆಂಗಳೂರಿನಲ್ಲೇ ಗಾಳಿ ಮತ್ತು ಬಿಸಿಲಿನ ಶಕ್ತಿ ಅಳೆಯುವ ಉಪಕರಣಗಳ ಕೆಲಸ ಮುಂದುವರಿಸಿದರು. ದೇಶದ ಯಾವ ಊರಿನಲ್ಲಿ ಎಷ್ಟು ಬಿಸಿಲು ಅಂತ ಅವರು ಕೂಡಿಸಿದ ಅಂಕಿಗಳು ಸೌರವಿದ್ಯುತ್ ಬರುವ ಎಷ್ಟೋ ಮುಂಚಿನವು.

ನೀವು ಪದವಿಯಲ್ಲಿ ಇರುವಾಗಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ಮಳೆ ನಕ್ಷತ್ರದ ಲೆಕ್ಕ ಇನ್ನೂ ಇದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅಂತಾರೆ. ಆರಿದ್ರಾ ಬರುವುದು ಜೂನ್ 21-22ರಿಂದ ಜುಲೈ 5ರ ಆಸುಪಾಸಿನವರೆಗೆ. ಪುಣೆಯ ಹವಾಮಾನ ಇಲಾಖೆ 1901ರಿಂದ ಈಚಿನ ದಿನದಿನದ ಮಳೆಯನ್ನು, ಸುಮಾರು 25 ಕಿಲೋಮೀಟರ್ ಚೌಕಗಳ ಲೆಕ್ಕದಲ್ಲಿ, ಉಚಿತವಾಗಿ ಕೊಡುತ್ತದೆ. ನಿಮ್ಮೂರು ಬೀಳುವ ಚೌಕ ಹುಡುಕಿ. ಪ್ರತಿ ವರ್ಷದ ಆರಿದ್ರಾ ಮಳೆ ಕೂಡಿಸಿ. 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದರೆ ಅದು ಮಳೆ ದಿನ, ಇಲಾಖೆಯ ಲೆಕ್ಕದಲ್ಲಿ. ಆರಿದ್ರಾದಲ್ಲಿ ಎಷ್ಟು ಮಳೆ ದಿನ? ಅದರ ಹಿಂದಿನ ಮೃಗಶಿರಕ್ಕಿಂತ, ಮುಂದಿನ ಪುನರ್ವಸುಗಿಂತ ಜಾಸ್ತಿಯೋ ಕಡಿಮೆಯೋ? ತೀರ್ಥಹಳ್ಳಿಯಲ್ಲಿ ಬರುವ ಉತ್ತರ ಹಿರಿಯೂರಿನಲ್ಲಿ ಬರುವುದಿಲ್ಲ. ಆ ಗಾದೆ ಯಾವ ಸೀಮೆಯಲ್ಲಿ ಹುಟ್ಟಿರಬಹುದು ಅಂತಲೂ ಊಹಿಸಬಹುದು.

ಇದರಲ್ಲಿ ಒಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದದ್ದು. ಸೂರ್ಯ ನಕ್ಷತ್ರಗಳನ್ನು ಮುಟ್ಟುವ ದಿನ ಋತುಗಳ ಲೆಕ್ಕಕ್ಕೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಮುಂದಕ್ಕೆ ಹೋಗುತ್ತದೆ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದೇ ಕಾರಣ. ಗಾದೆ 500 ವರ್ಷದ ಹಿಂದೆ ಹುಟ್ಟಿದ್ದರೆ ಅದರ ಆರಿದ್ರಾ ಇವತ್ತಿನ ಆರಿದ್ರಾಗಿಂತ ಒಂದು ವಾರ ಮುಂಚೆಯೇ ಶುರುವಾಗುತ್ತಿತ್ತು. ಎರಡೂ ಕಾಲಕ್ಕೆ ಲೆಕ್ಕ ಹಾಕಿ ನೋಡಿ. ಇದಕ್ಕೆ ಬೇಕಾದದ್ದು ಒಂದು ಹಳೇ ಲ್ಯಾಪ್‌ಟಾಪ್, ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಸ್ವಲ್ಪ. ಅಜ್ಜಿಯ ಮಾತನ್ನು ಸುಳ್ಳು ಮಾಡುವುದಕ್ಕಲ್ಲ, ಸುಮ್ನೆ ಒಪ್ಪಿಕೊಳ್ಳುವುದಕ್ಕೂ ಅಲ್ಲ. ಅಳೆಯುವುದಕ್ಕೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಜಾಸ್ತಿ ಮಳೆ ಮಾಪಕ ಇಟ್ಟಿದೆ. ಹತ್ತಿರದ ಮಾಪಕ ಎಲ್ಲಿದೆ ಅಂತ ಒಮ್ಮೆ ಹೋಗಿ ನೋಡಿ. ಸುತ್ತ ಮರ ಬೆಳೆದು ಮಳೆ ತಡೆಯುತ್ತಿದೆಯಾ ಅಂತಲೂ ನೋಡಿ.

ಎಲ್ಲಿ ಓದುವುದು ಅನ್ನುವುದನ್ನು ಬೇಗ ಹೇಳುತ್ತೇನೆ, ಇದು ಹುಡುಕಿದರೆ ಸಿಗುವ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಯಲ್ಲಿ ಭೂಮಿ ಮತ್ತು ಪರಿಸರ ವಿಜ್ಞಾನವನ್ನು ಮುಖ್ಯ ವಿಷಯವಾಗಿ ಆರಿಸಿಕೊಳ್ಳಬಹುದು. ಪುಣೆಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆ ಐಸರ್‌ನಲ್ಲಿ ಭೂಮಿ ಮತ್ತು ಹವಾಗುಣ ವಿಜ್ಞಾನದ್ದೇ ವಿಭಾಗ ಇದೆ. ಅಲ್ಲಿ ಸೀಟು ಸಿಗದಿದ್ದರೆ ಆಕಾಶ ಬೀಳುವುದಿಲ್ಲ. ನಿಮ್ಮ ಜಿಲ್ಲೆಯ ಕಾಲೇಜಿನಲ್ಲೇ ಭೌತಶಾಸ್ತ್ರ, ಗಣಿತ ತೆಗೆದುಕೊಂಡು ಬಿಎಸ್ಸಿ ಮಾಡಿ. ಎಂಎಸ್ಸಿಗೆ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ ಈ ವಿಷಯಕ್ಕೆ ಹಳೆಯ ಹೆಸರುಗಳು. ಇಂಜಿನಿಯರಿಂಗ್ ಮಾಡಿದವರಿಗೂ ದಾರಿ ಇದೆ. ಗೇಟ್ ಪರೀಕ್ಷೆಯ ಇಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನದ್ದೇ ಒಂದು ಭಾಗ ಇದೆ. ಸಮುದ್ರದ ಜೀವಿಗಳ ಬಗ್ಗೆ ಆಸೆ ಇದ್ದರೆ ಕಾರವಾರದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ಕೇಂದ್ರ ಇದೆ. ಹೊರದೇಶದಲ್ಲಿ, ಉದಾಹರಣೆಗೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿ, ಹವಾಮಾನದ್ದೇ ಪದವಿ ಇದೆ. ಅಲ್ಲೂ ಶುರು ಮಾಡುವುದು ಗಣಿತ, ಭೌತಶಾಸ್ತ್ರದಿಂದಲೇ. ಅದಕ್ಕಾಗಿ ಮನೆ ಅಡ ಇಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಕೆಲಸದ ಮಾತು. ಹವಾಮಾನ ಇಲಾಖೆ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ, ಗೋವಾದ ಸಾಗರ ವಿಜ್ಞಾನ ಸಂಸ್ಥೆ ಇವೆಲ್ಲ ಗೊತ್ತೇ ಇದೆ. ಗೊತ್ತಿಲ್ಲದ ಒಂದನ್ನು ಹೇಳುತ್ತೇನೆ. ಪಾವಗಡ ನೋಡಿ. ಅಲ್ಲಿ ಮಳೆ ನೆಚ್ಚಿ ಶೇಂಗಾ ಬೆಳೆಯುವ ರೈತರು ಯಾವಾಗ ಬಿತ್ತಬೇಕು ಅನ್ನುವ ಪ್ರಶ್ನೆ ಹಿಡಿದು ಸುಲೋಚನಾ ಅವರ ತಂಡ ರೈತರ ಜೊತೆ ಕೂತು ಕೆಲಸ ಮಾಡಿತ್ತು. ಈಗ ಅದೇ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ನಾಳೆ ಎಷ್ಟು ಕರೆಂಟ್ ಕೊಡುತ್ತೇವೆ ಅಂತ ಇವತ್ತೇ, ಹದಿನೈದು ನಿಮಿಷದ 96 ತುಂಡುಗಳಲ್ಲಿ, ವಿದ್ಯುತ್ ಜಾಲದವರಿಗೆ ಹೇಳಬೇಕು. ಮೋಡ ಯಾವಾಗ ಬರುತ್ತದೆ ಅಂತ ಗೊತ್ತಿರದೆ ಹೇಳುವುದು ಹೇಗೆ? ಗದಗ, ಚಿತ್ರದುರ್ಗದ ಗಾಳಿಗಿರಣಿಗಳದ್ದೂ ಇದೇ ಪಾಡು. ಬೆಳೆ ವಿಮೆ, ಬಂದರು, ವಿಮಾನ ಎಲ್ಲ ಕಡೆ ಈ ವಿದ್ಯೆ ಬೇಕು.

ಕೊನೆಯಲ್ಲಿ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ತಾಯಿ ಕೇಳಿದ್ದು: "ಹೆಣ್ಣುಮಗಳನ್ನ ತಿಂಗಳುಗಟ್ಟಲೆ ಹಡಗಿಗೆ ಹೇಗೆ ಕಳಿಸೋದು ಸರ್?" ಅಮ್ಮಾ, ನಿಮ್ಮ ಆತಂಕ ಸಹಜ. ಆದರೆ ಗೋವಾದ ಸಾಗರ ವಿಜ್ಞಾನ ಸಂಸ್ಥೆಯ ಅದಿತಿ ಪಂತ್ 1983ರಲ್ಲೇ ಅಂಟಾರ್ಕ್ಟಿಕಾಗೆ ಹೋದರು. ಆ ಖಂಡಕ್ಕೆ ಹೋದ ಮೊದಲ ಭಾರತೀಯ ಮಹಿಳಾ ವಿಜ್ಞಾನಿಗಳು ಅವರು ಮತ್ತು ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ. ಈಗ ನಮ್ಮ ಸಂಶೋಧನಾ ಹಡಗುಗಳಲ್ಲಿ ವಿದ್ಯಾರ್ಥಿನಿಯರು ಹೋಗುವುದು ಮಾಮೂಲಿ. ಹಡಗಿಗೆ ಹೋಗದೆಯೂ ಈ ವಿಷಯದಲ್ಲಿ ಇಡೀ ಜೀವನ ಕೆಲಸ ಮಾಡಬಹುದು.

ಹಿಂದಿನ ಸಾಲಿನಲ್ಲಿದ್ದ ಕೊಪ್ಪಳದ ಹುಡುಗನೊಬ್ಬ ತಾನು ಸಮುದ್ರವನ್ನೇ ನೋಡಿಲ್ಲ, ಸಾಗರ ವಿಜ್ಞಾನ ಓದಬಹುದಾ ಅಂತ ಕೇಳಿದ. ಖಂಡಿತ. ಜಗತ್ತಿನ ಸಮುದ್ರಗಳಲ್ಲಿ ಸುಮಾರು 4,000 ಆರ್ಗೋ ತೇಲುಯಂತ್ರಗಳಿವೆ. ಒಂದೊಂದೂ 1,000 ಮೀಟರ್ ಆಳದಲ್ಲಿ ತೇಲುತ್ತಾ ಇರುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್‌ಗೆ ಇಳಿದು, ಬಿಸಿ ಮತ್ತು ಉಪ್ಪನ್ನು ಅಳೆಯುತ್ತಾ ಮೇಲೆ ಬಂದು, ಉಪಗ್ರಹಕ್ಕೆ ಕಳಿಸಿ ಮತ್ತೆ ಮುಳುಗುತ್ತದೆ. ಆ ಅಂಕಿಗಳೆಲ್ಲ ಉಚಿತ. ಅರಬ್ಬಿ ಸಮುದ್ರದ ಒಂದು ಯಂತ್ರ, ಬಂಗಾಳ ಕೊಲ್ಲಿಯ ಒಂದು ಯಂತ್ರ ಆರಿಸಿಕೊಂಡು ಅವುಗಳ ಉಪ್ಪಿನಂಶವನ್ನು ಒಂದೇ ನಕ್ಷೆಯಲ್ಲಿ ಬರೆಯಲು ಹೇಳಿದೆ. ಮುಂದಿನ ಬೇಸಿಗೆಗೆ ವಿಜ್ಞಾನ ಅಕಾಡೆಮಿಗಳ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕುವಾಗ ಆ ನಕ್ಷೆಯನ್ನೇ ಇಟ್ಟುಕೊಂಡು, ತಾನು ಏನು ಕಂಡೆ, ಇನ್ನೇನು ತಿಳಿಯಬೇಕು ಅಂತ ಬರೆಯಬಹುದು.